ಓಣಿ ಕಟ್ಟಿ: ನಳದ ಮೋಟಾರು, ಬಿರುಕು ಬಿಟ್ಟ ಗ್ವಾಡಿ, ಬಾಜು ಮನಿ ಕೂಲರ್

ಈ ಸಲ ಬಂದಿರೋ ಪತ್ರ, ವಾಟ್ಸಾಪ್ ಮೆಸೇಜು ಎಲ್ಲಾ ಮುಂದ ಹರಡಿಕೊಂಡು ಕುಂತ್ರ ಹತ್ತರಾಗ ಎಂಟು ನೀರಿಂದೇ ಅದಾವ. ನೀರು ಬರಲ್ಲ, ಬಂದ ನೀರು ಬಾಜು ಮನಿಯವ್ರು ಎಳ್ಕೋತಾರ, ನಾಲಿ ನೀರು ಗ್ವಾಡಿಗಿ ಇಳೀಲಾಕತ್ತದ, ಕೂಲರ್ ನೀರಾಗ ಸೊಳ್ಳಿ. ಹೊರಗ 43 ಡಿಗ್ರಿ, ಮಧ್ಯಾಹ್ನ ನಮ್ಮ ಕಲಬುರಗಿ ಜಗತ್ ಸರ್ಕಲ್‌ನ್ಯಾಗ ನಾಯಿ ಸೈತ ಅಡ್ಡಾಡಲ್ಲ, ಇಂಥಾದ್ರಾಗ ಮಂದಿ ಕುಂತು ಪತ್ರ ಬರದಾರ ಅಂದ್ರ ಅವ್ರ ಹೊಟ್ಟ್ಯಾಗ ಎಷ್ಟು ಉರಿ ಇರಬೇಕು ನೋಡ್ರಿ. ಹೆಸರು ಹಾಕಬ್ಯಾಡ್ರಿ ಅಂತ ಎಲ್ಲಾರೂ ಹೇಳ್ಯಾರ, ಹಾಕಿಲ್ಲ.

ಪ್ರಶ್ನೆ: ನಮ್ಮದು ಶಹಾಬಜಾರ. ನಳ ಬರೋದೇ ನಾಕೈದು ದಿನಕ್ಕೊಮ್ಮಿ, ಅದೂ ತಾಸು ದೀಡ್ ತಾಸು. ಬಾಜು ಮನಿಯವ್ರು ನಳಕ್ಕ ಡೈರೆಕ್ಟ್ ಮೋಟಾರ್ ಹಚ್ಚ್ಯಾರ. ಅವ್ರು ಸ್ವಿಚ್ ಹಾಕಿದ್ ಕೂಡ್ಲೇ ನಮ್ಮ ನಳ ಸುಂಯ್ ಅಂತ ಗಾಳಿ ಎಳೀತದ, ಒಂದು ಹನಿ ಬೀಳಲ್ಲ. ಕಂಪ್ಲೇಂಟ್ ಕೊಡೋಣ ಅಂದ್ರ ನಮ್ಮ ಮಗಳ ಮದ್ವಿ ಮಾತು ಅವ್ರ ಸಂಬಂಧಿಕರ ಮನ್ಯಾಗೇ ನಡದದ. ಏನ್ ಮಾಡ್ಬೇಕ್ರಿ?

ಉತ್ತರ: ತಾಯೀ, ಮದ್ವಿ ಮಾತು ಕೆಡಬಾರ್ದು, ಕೊಡಾನೂ ತುಂಬ್ಬೇಕು ಅಂದ್ರ ಕಾನೂನಿನ ಮಾತು ಮೊದ್ಲಿಗಿ ತೆಗೀಬ್ಯಾಡ್ರಿ. ಪಾಲಿಕೆ ಲೈನಿಗಿ ಡೈರೆಕ್ಟ್ ಮೋಟಾರ್ ಹಚ್ಚೋದು ತಪ್ಪು, ಸಿಕ್ರ ಮೋಟಾರ್ ಕಿತ್ಕೊಂಡು ಒಯ್ತಾರ, ಇದು ಅವ್ರಿಗೂ ಗೊತ್ತದ, ನಿಮಗೂ ಗೊತ್ತದ. ಗೊತ್ತಿಲ್ಲದ ಮಾತು ಬ್ಯಾರೆ ಅದ, ಅದನ್ನ ಹೇಳ್ರಿ.

ನಿಮ್ಮ ನಳ ಸುಂಯ್ ಅಂತದಲ್ಲಾ, ಆಗ ಒಂದು ತುಂಡು ಪೇಪರ್ ತೊಯ್ಸಿ ನಳದ ಬಾಯಿಗಿ ಹಿಡೀರಿ. ಗಪ್ ಅಂತ ಒಳಗ ಅಂಟ್ಕೋತದ. ಅಂದ್ರ ಪೈಪು ನೀರು ಕೊಡೋದು ಬಿಟ್ಟು ಹೊರಗಿಂದು ಒಳಗ ಎಳೀಲಾಕತ್ತದ. ನಿಮ್ಮ ನಳದಿಂದ ಗಾಳಿ ಎಳದಂಗ, ಆ ಪೈಪಿಗಿ ಎಲ್ಲೆಲ್ಲಿ ತೂತು ಅದ, ಎಲ್ಲೆಲ್ಲಿ ಜಾಯಿಂಟ್ ಸಡ್ಲಾಗ್ಯದ, ಅಲ್ಲೆಲ್ಲಾ ಎಳೀತದ. ನಮ್ಮ ಹಳೇ ಓಣಿಗೋಳ್ನ್ಯಾಗ ನಳದ ಪೈಪ್ ಎಲ್ಲಿ ಹೋಗ್ಯದ? ನಾಲಿ ಬಾಜೂಕ, ಕೆಲವು ಕಡಿ ನಾಲಿ ಒಳಗಿಂದೇ. ಅಂದ್ರ ಮೋಟಾರ್ ಇದ್ದ ಮನಿಯವ್ರು ನಿಮ್ಮ ಪಾಲಿನ ನೀರಿನ ಜೋಡಿ ಓಣಿ ಎಲ್ಲಾರ ಬಚ್ಚಲ ನೀರೂ ಎಳ್ಕೊಂಡು ತಮ್ಮ ಟಾಕಿಗಿ ತುಂಬ್ಕೋಲಾಕತ್ತಾರ. ಕಾಮಣಿ, ಟೈಫಾಯಿಡ್ ಇದರಿಂದೇ ಬರ್ತಾವ, ಮತ್ತ ಮೊದ್ಲು ಅವ್ರ ಮನಿಗೇ ಬರ್ತಾವ.

ಇಷ್ಟು ಗಟ್ಟಿಯಾಗಿ ಹ್ಯಾಂಗ ಹೇಳ್ಲಾಕತ್ತೀನಿ ಅಂದ್ರ ನಮ್ಮ ಮನ್ಯಾಗೂ ಮೋಟಾರ್ ಇತ್ತು. ಹೌದ್ರಿ, ಈ ಕಾಲಂ ಬರಿಯೋ ನಾನೇ ಹಚ್ಚಿಸಿದ್ದೆ, ಬ್ರಹ್ಮಪುರದ ಮನ್ಯಾಗ, ಎಲ್ಲಾರೂ ಹಚ್ಚ್ಯಾರ ನಾವ್ಯಾಕ ಸುಮ್ನಿರ್ಬೇಕು ಅಂತ. ಒಂದಿನ ಮುಂಜಾನಿ ಚಹಾಕ್ಕ ನೀರಿಟ್ರ ಭಾಂಡ್ಯಾದಾಗಿಂದ ಬಚ್ಚಲ ವಾಸನಿ. ಟಾಕಿ ಇಳಸಿ ನೋಡಿದ್ರ ತಳದಾಗ ಕರಿ ಗೆಸರು, ಬೆಟ್ಟು ಮುಳಗೋ ಅಷ್ಟು. ಅವತ್ತೇ ಮೋಟಾರ್ ಕಿತ್ತಿಸಿ ನೆಲದಾಗ ಸಣ್ಣ ಸಂಪ್ ಮಾಡಿಸ್ದೆ. ನಳ ತನ್ನಷ್ಟಕ್ಕ ತಾನೇ ಸಂಪಿಗಿ ಬೀಳ್ತದ, ಸಂಪಿನಿಂದ ಮೋಟಾರಲೇ ಮ್ಯಾಲ ಎತ್ತಿದ್ರ ಯಾರ ತಕರಾರೂ ಇಲ್ಲ.

ಬಾಜು ಮನಿ ಹೆಣ್ಮಗಳನ್ನ ಒಂದ್ಸಲ ಚಹಾಕ್ಕ ಕರೀರಿ, ಆ ಪೇಪರಿನ ಆಟ ತೋರಿಸ್ರಿ, ಸಂಪಿನ ಮಾತು ತೆಗೀರಿ. ಗಂಡಸರಿಗಿ ಹೇಳಿದ್ರ ಜಗಳಾಗ್ತದ, ನನ್ನ ಅನುಭವ. ಅಲ್ಲೀತನಕ ನೀರು ಬಿಟ್ಟ ಮೊದ್ಲ ಅರ್ಧ ತಾಸು ಯಾರೂ ಮೋಟಾರ್ ಹಾಕಬಾರ್ದು ಅಂತ ಓಣಿಯವ್ರು ಮಾತಾಡ್ಕೋರಿ. ನೀವೂ ಮೊದ್ಲ ಬಂದ ಎರಡು ಬಕೀಟ ಕುಡೀಲಾಕ ಹಿಡೀಬ್ಯಾಡ್ರಿ, ಅರಬಿ ಒಗೀಲಾಕ ಇಡ್ರಿ, ಕುಡಿಯೋ ನೀರು ಕುದಿಸ್ರಿ.

ಇನ್ನೊಂದು ಮಾತು ಹೇಳಿ ಬಿಡ್ತೀನಿ. ಕಲಬುರಗಿ, ಹುಬ್ಬಳ್ಳಿ-ಧಾರವಾಡ, ಬೆಳಗಾವಿದಾಗ ವಿಶ್ವ ಬ್ಯಾಂಕ್ ನೆರವಿನಿಂದ ಕೆಲವು ವಾರ್ಡಿಗಿ 24 ತಾಸು ನೀರು ಕೊಟ್ಟಾಗ ಬ್ಯಾರೆ ಓಣಿ ಮಂದಿ, ಅವ್ರಿಗೇನು ದಿನಾ ಜಳಕಾನಾ ಅಂತ ನಕ್ಕಿದ್ರು. 24 ತಾಸು ನೀರು ಅಂದ್ರ ಆರಾಮಿನ ಮಾತಲ್ರಿ. ಪೈಪ್ ಯಾವಾಗ್ಲೂ ತುಂಬಿ ಪ್ರೆಶರ್‌ನ್ಯಾಗ ಇದ್ರ ತೂತು ಇದ್ದಲ್ಲಿ ನೀರು ಹೊರಗ ಹೋಗ್ತದ, ಹೊಲಸು ಒಳಗ ಬರಲ್ಲ. ಖಾಲಿ ಪೈಪೇ ಹೊಲಸು ಕುಡಿಯೋದು. ಭೀಮಾದ ಸರಡಗಿ ಬ್ಯಾರೇಜಿನಿಂದ, ಬೆಣ್ಣೆತೊರಾದಿಂದ ಅಷ್ಟು ದೂರ ಶುದ್ಧ ಮಾಡ್ಕೋತ ತಂದ ನೀರು ನಮ್ಮ ಓಣಿ ಕಡೀ ಐವತ್ತು ಫೂಟಿನ್ಯಾಗ ಕೆಡ್ತದ ಅನ್ನೋದು ನನಗ ಭಾಳ ಸಂಕಟ.

ಪ್ರಶ್ನೆ: ರಜಾ ಹಾಕಿ ಮಧ್ಯಾಹ್ನ ಎರಡಕ್ಕ ಸರ್ಕಾರಿ ಆಫೀಸಿಗಿ ಹೋದ್ರ ಬಾಗ್ಲಾ ಹಾಕಿತ್ತು. ವಾರದಾಗ ಎರಡನೇ ಸಲ. ಇದು ನ್ಯಾಯ ಏನ್ರಿ?

ಉತ್ತರ: ನೀವು ಬೆಂಗಳೂರು ಕಡಿಯಿಂದ ಹೊಸದಾಗಿ ಬಂದೀರಿ ಅನ್ಸ್ತದ. ಏಪ್ರಿಲ್, ಮೇ ಎರಡು ತಿಂಗಳು ನಮ್ಮ ಕಲಬುರಗಿ ವಿಭಾಗದ ಜಿಲ್ಲಾಗೋಳಿಗಿ, ಮತ್ತ ವಿಜಯಪುರ, ಬಾಗಲಕೋಟಿಗಿ ಬಿಸಲಿನ ಸಲುವಾಗಿ ಆಫೀಸ್ ಟೈಮ್ ಮುಂಜಾನಿ 8 ರಿಂದ ಮಧ್ಯಾಹ್ನ 1:30. ಮುಂಜಾನಿ ಎಂಟೂವರಿಗಿ ಹೋಗ್ರಿ, ಸಾಹೇಬ್ರೂ ತಂಪಿರ್ತಾರ.

ಪ್ರಶ್ನೆ: ಸೇಡಂ ರೋಡಿನ ಕಡಿ ಹೊಸ ಲೇಔಟಿನ್ಯಾಗ ಮನಿ ಕಟ್ಟಿ ಆರು ವರ್ಷಾತು, ಇನ್ನೂ ಲೋನ್ ತೀರಿಲ್ಲ. ಖಿಡಕಿ ಮೂಲಿಯಿಂದ ಅಡ್ಡಕ ಗ್ವಾಡಿ ಬಿರುಕು ಬಿಟ್ಟದ. ಮಳಿಗಾಲದಾಗ ಮುಚ್ಕೋತದ, ಬ್ಯಾಸಿಗ್ಯಾಗ ರೂಪಾಯಿ ನಾಣ್ಯಾ ಹೋಗೋ ಅಷ್ಟು ತೆರೀತದ. ಮಾವನವ್ರು ವಾಸ್ತು ಅಂತಾರ, ಕಟ್ಟಿದವ ಬರೇ ಪ್ಲಾಸ್ಟರ್ ಅಂತಾನ, ಮನೆಯವ್ರು ಬಾಜು ಮನಿ ಬೋರ್ ಹೊಡ್ಸಿದ್ದಕ್ಕ ಅಂತಾರ. ಮನಿ ಮುಂದಿನ ನಾಲಿನೂ ಒಡದು ನೀರು ಪಾಯಾಕ್ಕ ಇಳೀಲಾಕತ್ತದ.

ಉತ್ತರ: ಮೂರೂ ಮಂದಿ ಹೇಳಿದ್ದು ಬಿಡ್ರಿ, ನೀವು ಕಡೀಕ ಸಣ್ಣಗ ಬರದೀರಲ್ಲಾ ನಾಲಿದು, ಅದರಾಗೇ ಅದ ಉತ್ತರ.

ನಮ್ಮ ಕಡಿ ಎರಿ ಮಣ್ಣು ಮನಿ ಕಟ್ಟೋರಿಗಿ ಒಳ್ಳೇ ವೈರಿ ಇದ್ದಂಗ. ತೊಗರಿಗಿ, ಜ್ವಾಳಕ್ಕ ಬಂಗಾರ, ಪಾಯಾಕ್ಕ ಯಮ. ಈ ಮಣ್ಣು ನೀರು ಕುಡುದ್ರ ಉಬ್ತದ, ಒಣಗಿದ್ರ ಕುಗ್ತದ. ಬ್ಯಾಸಿಗ್ಯಾಗ ಹೊಲಕ್ಕ ಹೋಗ್ರಿ, ನೆಲ ಸೀಳಿ ಕೈ ತೂರೋ ಅಷ್ಟು ಬಾಯಿ ಬಿಟ್ಟಿರ್ತದ. ಅದೇ ಆಟ ನಿಮ್ಮ ಮನಿ ತೆಳಗ ನಡದದ, ಆದ್ರ ಒಂದೇ ಸಮ ನಡದಿಲ್ಲ. ನಾಲಿ ಒಡದ ಕಡಿ ಮಣ್ಣು ಸದಾ ತೊಯ್ದು ಉಬ್ಬ್ಯದ, ಹಿತ್ತಲ ಕಡಿ ಒಣಗಿ ಕುಗ್ಗ್ಯದ. ಒಂದು ಮೂಲಿ ಎತ್ತಿ ಒಂದು ಮೂಲಿ ಇಳಿಸಿದ್ರ ಗ್ವಾಡಿ ಏನ್ ಮಾಡ್ಬೇಕ್ರಿ ಪಾಪ, ಸೂಕ್ಷ್ಮ ಇದ್ದಲ್ಲಿ ಸೀಳ್ತದ. ಖಿಡಕಿ ಮೂಲಿನೇ ಸೂಕ್ಷ್ಮ. ಹಂಗಾಗಿ ಮಳಿಗಾಲದಾಗ ಮುಚ್ಚಿ ಬ್ಯಾಸಿಗ್ಯಾಗ ತೆರಿಯೋದು.

ಪ್ಲಾಸ್ಟರ್ ಹಚ್ಚಿ ರೊಕ್ಕಾ ಕಳೀಬ್ಯಾಡ್ರಿ. ಒಂದು ಸಣ್ಣ ಗಾಜಿನ ಪಟ್ಟಿ ತಗೊಂಡು ಬಿರುಕಿನ ಮ್ಯಾಲ ಅಡ್ಡಕ ಇಟ್ಟು ಎರಡೂ ಕಡಿ ಸಿಮೆಂಟ್ ಹಚ್ರಿ, ಬಾಜೂಕ ತಾರೀಖು ಬರೀರಿ. ಗಾಜು ಒಡೀತು ಅಂದ್ರ ಮನಿ ಇನ್ನೂ ಅಲಗಾಡ್ಲಾಕತ್ತದ ಅಂತ ಲೆಕ್ಕ. ನಾಣ್ಯಾ ಹೋಗೋ ಅಷ್ಟು ಅಂದ್ರ ಕಟ್ಟಿದವನ್ನ ಬಿಟ್ಟು ಬ್ಯಾರೆ ಸ್ಟ್ರಕ್ಚರಲ್ ಇಂಜಿನಿಯರ್‌ಗಿ ಒಮ್ಮಿ ತೋರಿಸ್ರಿ, ಫೀಸ್ ಕೊಟ್ಟು ತೋರಿಸ್ರಿ, ಪುಕ್ಕಟ್ಟೆ ಸಲಹಾ ಈಗಾಗ್ಲೇ ಮೂರು ಸಿಕ್ಕಾವ ನಿಮಗ. ಅದರ ಜೋಡಿ ಮನಿ ಸುತ್ತ ಒಂದು ಮೀಟರ್ ಅಗಲ ಮುರುಮ್ ಹಾಕಿ ಬಡದು, ಮ್ಯಾಲ ಕಾಂಕ್ರೀಟೋ ಶಹಾಬಾದ್ ಫರಸಿನೋ ಹಾಸಿ, ಹೊರಗ ಇಳಿಜಾರ ಕೊಡ್ರಿ. ಮಳಿ ನೀರು ಪಾಯಾದ ಬುಡಕ್ಕ ನಿಲ್ಲಬಾರ್ದು. ಗ್ವಾಡಿ ಬುಡಕ್ಕ ಹಚ್ಚಿದ ಬೇವಿನ ಗಿಡಾನೂ ಒಂದು ಬದಿ ನೀರು ಹೀರಿ ಇದೇ ಕೆಲಸ ಮಾಡ್ತದ, ಇದ್ರ ಅದನ್ನೂ ಇಂಜಿನಿಯರ್‌ಗಿ ಹೇಳ್ರಿ.

ನಾಲಿ ಸಲುವಾಗಿ ಬಾಯಿ ಮಾತಲೇ ಹೇಳಬ್ಯಾಡ್ರಿ, ಅರ್ಜಿ ಬರದು, ಫೋಟೋ ಹಚ್ಚಿ, ಝೆರಾಕ್ಸ್ ಕಾಪಿ ಮ್ಯಾಲ ಸಿಕ್ಕಾ ಹಾಕಿಸ್ಕೋರಿ. ತಿಂಗಳಾದ್ರೂ ಕೆಲಸಾಗ್ಲಿಲ್ಲಂದ್ರ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ, 10 ರೂಪಾಯಿ ಫೀಸು, 30 ದಿನದಾಗ ಉತ್ತರ ಕೊಡಬೇಕು. ನಮ್ಮ ರಾಜ್ಯದಾಗ ಒಂದು ಅರ್ಜಿಗಿ ಒಂದೇ ವಿಷಯ, 150 ಶಬ್ದ ಮೀರಬಾರ್ದು. ನೀವು ನನಗ ಬರದ ಪತ್ರ ನಾಕು ಪುಟ ಇತ್ತು, ಹಂಗ ಬರದ್ರ ವಾಪಸ್ ಬರ್ತದ. "ನನ್ನ ಇಂಥಾ ತಾರೀಖಿನ ಅರ್ಜಿ ಮ್ಯಾಲ ಏನು ಕ್ರಮ ಆಗ್ಯದ" ಇಷ್ಟೇ ಕೇಳ್ರಿ. ವಾಸ್ತು ಪಂಡಿತಗ ಕೊಡೋ ರೊಕ್ಕದಾಗ ಮುರುಮ್ ಬರ್ತದ ಅಂತ ಮಾವನವ್ರಿಗಿ ನೀವು ಹೇಳಬ್ಯಾಡ್ರಿ, ಈ ಪುಟ ಅವ್ರ ಕೈಗಿ ಸಿಗೋ ಹಂಗ ಬಿಟ್ಟುಬಿಡ್ರಿ.

ಪ್ರಶ್ನೆ: ಬಾಜು ಮನಿ ಕೂಲರ್ ನಮ್ಮ ಖಿಡಕಿ ಎದುರಿಗೇ ಅದ. ರಾತ್ರಿಯೆಲ್ಲಾ ಗಿರಣಿ ಸಪ್ಪಳ, ಮ್ಯಾಲ ಅದರ ನೀರಾಗ ಸೊಳ್ಳಿ ಹುಳ ಆಗ್ಯಾವ. ಹೇಳಿದ್ರ "ನಿಮಗ ತಂಪು ಗಾಳಿ ಪುಕ್ಕಟ್ಟೆ ಬರ್ತದಲ್ಲಾ" ಅಂತಾರ.

ಉತ್ತರ: ಮಾತಾಡೋರು ಭಾಳ ಚಾಲಾಕ್ ಅದಾರ. ಸಪ್ಪಳಕ್ಕ ಮೊದ್ಲು ಕಾರಣ ನೋಡ್ರಿ, ನಮ್ಮ ಕಡಿ ತಗಡಿನ ಕೂಲರ್ ತೆಳಗ ನಾಕು ಇಟ್ಟಂಗಿ ಇಟ್ಟು ಬಿಡ್ತಾರ, ಅದರಾಗ ಒಂದು ಅಲಗಾಡ್ತಿರ್ತದ. ಸೈಕಲ್ ಟೈರಿನ ತುಂಡು ನಾಕು ಕಡಿ ಇಟ್ರ ಅರ್ಧ ಸಪ್ಪಳ ಹೋಗ್ತದ. ಉಳಿದದ್ದು ಫ್ಯಾನಿನ ಬುಶ್ ಇರಬಹುದು, ಎರಡು ಹನಿ ಎಣ್ಣಿ ಸಾಕು.

ಸೊಳ್ಳಿ ಮಾತು ಮಾತ್ರ ಹಗುರ ತಗೋಬ್ಯಾಡ್ರಿ. ಡೆಂಗೀ ತರೋ ಸೊಳ್ಳಿ ನಾಲಿ ಹೊಲಸಿನ್ಯಾಗ ಇರಲ್ಲ, ಇಂಥಾ ಚೊಕ್ಕ ನಿಂತ ನೀರೇ ಬೇಕು ಅದಕ್ಕ. ತತ್ತಿಯಿಂದ ಹಾರೋ ಸೊಳ್ಳಿ ಆಗ್ಲಾಕ ಒಂದು ವಾರ ಹತ್ತು ದಿನ ಸಾಕು. ಹಂಗಾಗಿ ವಾರಕ್ಕೊಮ್ಮಿ ಕೂಲರ್ ಖಾಲಿ ಮಾಡ್ಬೇಕು, ಬರೇ ಖಾಲಿ ಮಾಡಿದ್ರ ಆಗಲ್ಲ, ಒಳಗಿನ ಗ್ವಾಡಿ ಬ್ರಶ್ ಹಾಕಿ ತಿಕ್ಕಬೇಕು, ಯಾಕಂದ್ರ ತತ್ತಿ ನೀರಿನ ಅಂಚಿಗಿ ತಗಡಿಗೇ ಅಂಟಿರ್ತಾವ, ನೀರಿಲ್ದನೂ ತಿಂಗಳಗಟ್ಟಲೆ ಜೀವ ಹಿಡ್ಕೊಂಡಿರ್ತಾವ. ಮುಂದಿನ ಬ್ಯಾಸಿಗಿಗಿ ಅದೇ ಕೂಲರ್ ಅಟ್ಟದಿಂದ ಇಳಿಸಿ ನೀರು ಹಾಕಿದ್ರ ಮತ್ತ ಹುಟ್ತಾವ. ಆರಿತವಾರ ಇಬ್ರೂ ಮನಿಯವ್ರು ಕೂಡಿ ಎರಡೂ ಕೂಲರ್ ತೊಳೀರಿ. ನಿಮ್ಮದೂ ಒಂದು ಇರಬೇಕಲ್ಲಾ, ಅದರ ಸಪ್ಪಳ ಯಾರಿಗಿ ಕೇಳ್ಸ್ತದೋ ಏನೋ!

ಪ್ರಶ್ನೆ: ಎಂ.ಎಸ್.ಕೆ. ಮಿಲ್ ಕಡಿ ಕಿರಾಯಿ ಮನ್ಯಾಗ ಇದ್ದೀವಿ. ಮೂರು ಮನಿಗಿ ಒಂದೇ ಮೀಟರ್. ಗೃಹಜ್ಯೋತಿ ಬಂದ್ರೂ ಮಾಲಕರು ತಿಂಗಳಾ 500 ರೂಪಾಯಿ ಲೈಟ್ ಬಿಲ್ ಅಂತ ತಗೋತಾರ.

ಉತ್ತರ: ಮೊದ್ಲು ಬಿಲ್ ನೋಡ್ರಿ, ಆಮ್ಯಾಲ ಸಿಟ್ಟು ಮಾಡ್ರಿ. ಗೃಹಜ್ಯೋತಿ ಲೆಕ್ಕ ಮೀಟರಿನ ಮ್ಯಾಲ, ಮನಿ ಮ್ಯಾಲ ಅಲ್ಲ. 2022-23ರ ಸರಾಸರಿ ಯೂನಿಟ್ಟಿಗಿ ಒಂದಿಷ್ಟು ಕೂಡಿಸಿ ಆ ಮೀಟರಿಗಿ ಪುಕ್ಕಟ್ಟೆ ಮಿತಿ ಹಾಕ್ಯಾರ. ಆ ಮಿತಿ ದಾಟಿ 200ರ ಒಳಗ ಇದ್ರ ಹೆಚ್ಚಿಂದಕ್ಕಷ್ಟೇ ರೊಕ್ಕಾ, 200 ದಾಟಿತು ಅಂದ್ರ ಪೂರಾ ಬಿಲ್ ಕಟ್ಟಬೇಕು. ಮೂರು ಮನಿ, ಮೂರು ಕೂಲರ್, ಮೂರು ಫ್ರಿಜ್ಜು ಒಂದೇ ಮೀಟರಿಗಿ ಬಿದ್ರ ಮೇ ತಿಂಗಳದಾಗ 200 ಯಾವ ಲೆಕ್ಕ? ಹಂಗಾಗಿ ಮಾಲಕರು ಖರೇ ಹೇಳ್ಲಾಕತ್ತಿರಲೂಬಹುದು. ಆದ್ರ ಬಿಲ್ ಸೊನ್ನಿ ಇದ್ದು 500 ತಗೋಳ್ಲಾಕತ್ತಿದ್ರ ಅದಕ್ಕ ಮೋಸ ಅಂತ ಅಷ್ಟೇ ಹೆಸರು. ಪ್ರತಿ ತಿಂಗಳ ಬಿಲ್ಲಿನ ಫೋಟೋ ವಾಟ್ಸಾಪ್ ಹಾಕ್ರಿ ಅಂತ ಮೂರೂ ಮನಿಯವ್ರು ಕೂಡೇ ಕೇಳ್ರಿ, ಒಬ್ಬರೇ ಕೇಳಿದ್ರ ಮನಿ ಖಾಲಿ ಮಾಡ್ರಿ ಅಂತಾರ. ಕಾಯಂ ದಾರಿ ಅಂದ್ರ ಮೂರು ಮನಿಗಿ ಮೂರು ಮೀಟರ್. ಮೀಟರ್ ಮಾಲಕರ ಹೆಸರಿಗಿ ಇದ್ರೂ ಕಿರಾಯಿದಾರರು ತಮ್ಮ ಆಧಾರ್ ಕೊಟ್ಟು ಸೇವಾಸಿಂಧುದಾಗ ಆರ್.ಆರ್. ನಂಬರ್ ಜೋಡಿಸ್ಕೋಬಹುದು, ಮನಿ ಬಿಡೋ ಮುಂದ ಅದನ್ನ ತಪ್ಪದೇ ಡಿಲಿಂಕ್ ಮಾಡ್ರಿ, ಇಲ್ಲಂದ್ರ ಹೊಸ ಮನ್ಯಾಗ ತ್ರಾಸಾಗ್ತದ.

ಪ್ರಶ್ನೆ: ಎಂಟು ವರ್ಷದ ಮಗಗ ಟ್ಯೂಷನ್ ಹೋಗೋ ಮುಂದ ಓಣಿ ನಾಯಿ ಕಡೀತು, ರಕ್ತ ಬಂತು. ಅಜ್ಜಿ ಖಾರಪುಡಿ, ಸುಣ್ಣ ಹಚ್ಚಿ ಕಟ್ಟ್ಯಾಳ. ಎರಡು ದಿನಾತು. ಈಗ ಇಂಜೆಕ್ಷನ್ ಕೊಡ್ಸಿದ್ರ ನಡೀತದೇನು? ಮತ್ತ ನಾಯಿಗೋಳನ್ನ ಊರ ಹೊರಗ ಬಿಟ್ಟು ಬರ್ರಿ ಅಂದ್ರ ಯಾಕ ಬಿಡಲ್ಲ?

ಉತ್ತರ: ಇವರ ಮೆಸೇಜಿನ್ಯಾಗ ನಂಬರ್ ಇತ್ತು, ಓದಿದ್ ಕೂಡ್ಲೇ ಫೋನ್ ಮಾಡೀನಿ, ಅವತ್ತೇ ಸರ್ಕಾರಿ ದವಾಖಾನಿಗಿ ಹೋಗ್ಯಾರ. ಇಲ್ಲಿ ಬರಿಯೋದು ನಿಮ್ಮೆಲ್ಲಾರ ಸಲುವಾಗಿ. ಖಾರಪುಡಿ, ಸುಣ್ಣ, ಅರಿಷಿಣ, ಹಂಚಿನ ಮಸಿ, ಏನೂ ಹಚ್ಚಬ್ಯಾಡ್ರಿ. ನಳದ ತೆಳಗ ಗಾಯ ಹಿಡದು ಸಾಬಣ ಹಚ್ಚಿ 15 ನಿಮಿಷ ತೊಳೀರಿ. ಗಡಿಯಾರ ನೋಡ್ರಿ, 15 ನಿಮಿಷ ಅಂದ್ರ ಭಾಳ ದೊಡ್ಡದು, ಹುಡುಗ ಅಳ್ತಾನ, ಅಳ್ಲಿ. ನಳದಾಗ ನೀರಿಲ್ಲಂದ್ರ ಕೊಡದಿಂದ ಸುರೀರಿ, ಅವತ್ತಿನ ಮಟ್ಟಿಗಿ ನೀರಿನ ಮುಖ ನೋಡಬ್ಯಾಡ್ರಿ. ಆಮ್ಯಾಲ ದವಾಖಾನಿ. ರಕ್ತ ಬಂದಿದ್ರ ಲಸಿಕಿ ಜೋಡಿ ಗಾಯದ ಸುತ್ತ ಕೊಡೋ ಇಮ್ಯುನೋಗ್ಲೋಬ್ಯುಲಿನ್ ಅನ್ನೋ ಇನ್ನೊಂದು ಇಂಜೆಕ್ಷನ್ ಬೇಕು, ಕೇಳಿ ಹಾಕಿಸ್ರಿ. ಲಸಿಕಿ ಒಂದೇ ಸಲಕ್ಕ ಮುಗಿಯಲ್ಲ, ಚೀಟಿ ಮ್ಯಾಲ ಬರದ ತಾರೀಖಿಗಿ ಪ್ರತಿ ಸಲ ಹೋಗ್ಬೇಕು, ಗಾಯ ಮಾಯ್ತು ಅಂತ ನಡು ಬಿಡಬ್ಯಾಡ್ರಿ. ಎರಡು ದಿನ ತಡಾದ್ರೂ ಹೋಗ್ರಿ, ಎಂಟು ದಿನ ತಡಾದ್ರೂ ಹೋಗ್ರಿ. ರೇಬಿಸ್ ಲಕ್ಷಣ ಕಾಣಿಸ್ಕೊಂಡ ಮ್ಯಾಲ ಮಾತ್ರ ಯಾವ ಡಾಕ್ಟರ್ ಕೈಯಾಗೂ ಇರಲ್ಲ.

ನಾಯಿ ಮಾತು. 2023ರ ನಿಯಮದ ಪ್ರಕಾರ ಬೀದಿ ನಾಯಿ ಹಿಡದು, ಮರಿ ಆಗದಂಗ ಆಪರೇಷನ್ ಮಾಡಿ, ರೇಬಿಸ್ ಲಸಿಕಿ ಹಾಕಿ, ಹಿಡದ ಜಾಗಕ್ಕೇ ತಂದು ಬಿಡ್ಬೇಕು. ಕಿವಿ ತುದಿ ಕತ್ತರಿಸಿದ ನಾಯಿ ಕಂಡ್ರ ಅದಕ್ಕ ಆಗ್ಯದ ಅಂತ ತಿಳ್ಕೋರಿ. ಊರ ಹೊರಗ ಬಿಟ್ರ ಖಾಲಿ ಆದ ಓಣಿಗಿ ಬ್ಯಾರೆ ನಾಯಿ ಬರ್ತಾವ, ಲಸಿಕಿ ಇಲ್ಲದವು. ನಾಯಿಗಿ ಹಾಕೋರೂ ಕೇಳ್ರಿ, ಮಂದಿ ಮನಿ ಬಾಗ್ಲಾಗ ರೊಟ್ಟಿ ಹಾಕೋದು ನಡೆಯಲ್ಲ, ಅದಕ್ಕಂತ ಗುರುತು ಮಾಡಿದ ಜಾಗದಾಗೇ ಹಾಕ್ಬೇಕು ಅಂತ ಸುಪ್ರೀಂ ಕೋರ್ಟ್ 2025ರ ಆಗಸ್ಟಿನ್ಯಾಗ ಹೇಳ್ಯದ. ಅಜ್ಜಿಗಿ ಬೈಬ್ಯಾಡ್ರಿ, ಅವರ ಕಾಲದಾಗ ಅದೇ ಔಷಧ ಇತ್ತು.

ಪ್ರಶ್ನೆ: ಗುಲಬರ್ಗಾ ಅನ್ಬೇಕೋ ಕಲಬುರಗಿ ಅನ್ಬೇಕೋ?

ಉತ್ತರ: 2014ರ ನವೆಂಬರ್ 1ರಿಂದ ಕಾಗದದ ಮ್ಯಾಲ ಕಲಬುರಗಿ. ನಮ್ಮ ಅಮ್ಮ ಅದಕ್ಕೂ ಮೊದ್ಲಿಂದೇ ಕಲಬುರ್ಗಿ ಅಂತಿದ್ಲು, ನಮ್ಮ ಆಟೋದವ ಇವತ್ತೂ ಗುಲ್ಬರ್ಗಾ ಅಂತಾನ. ಇಬ್ರೂ ಸೂಪರ್ ಮಾರ್ಕೆಟಿಗೇ ಮುಟ್ಟಿಸ್ತಾರ.

ಪ್ರಶ್ನೆ: ಗಾಜೀಪುರದ ನಮ್ಮ ಓಣ್ಯಾಗ ಕಲ್ಲು ಕಟ್ಟಿದ ಹಳೇ ಬಾವಿ ಅದ. ಈಗ ಪೂರಾ ಕಚರಾ, ಗಣಪತಿ ಮೂರ್ತಿ, ಪ್ಲಾಸ್ಟಿಕ್. ಅರ್ಧ ಮಂದಿ ಮುಚ್ಚಿ ಮ್ಯಾಲ ಹಾಲ್ ಕಟ್ಟೋಣ ಅಂತಾರ, ಅರ್ಧ ಮಂದಿ ಹೂಳು ತೆಗಿಸೋಣ ಅಂತಾರ. ನಾನು ನಡುವಿನವ.

ಉತ್ತರ: ನಡುವಿನವ್ರು ಈ ಕಡಿ ಬರ್ರಿ. ಬಾವಿ ಮುಚ್ಚಬ್ಯಾಡ್ರಿ. ಅದು ಯಾರ ಅಪ್ಪಂದೂ ಅಲ್ಲ, ಮೊದ್ಲು ಪಾಲಿಕೆಗಿ ಅರ್ಜಿ ಕೊಟ್ಟು ಜಾಗ ಯಾರ ಹೆಸರಿನ್ಯಾಗ ಅದ ಅಂತ ಕಾಗದ ತಗಸ್ರಿ. ಹಾಲಿನ ಮಾತು ಎತ್ತಿದವ್ರು ಅರ್ಧ ಅಲ್ಲೇ ತಣ್ಣಗಾಗ್ತಾರ.

ಹೂಳು ತೆಗಿಸೋ ಮುಂದ ಎರಡು ಎಚ್ಚರ. ಹುರುಪಿನ್ಯಾಗ ಯಾರೂ ಒಮ್ಮಿಗೇ ಒಳಗ ಇಳೀಬ್ಯಾಡ್ರಿ, ಕೊಳೆತ ಕಚರಾದ ಗಾಳಿ ಕಣ್ಣಿಗಿ ಕಾಣಲ್ಲ, ಇಳದವ ಬಿದ್ದ, ಅವನ್ನ ಎತ್ಲಾಕ ಹೋದವನೂ ಬಿದ್ದ, ಹಿಂಗ ಒಂದಕ್ಕ ಎರಡು ಜೀವ ಹೋಗ್ತಾವ. ಈ ಕೆಲಸ ಗೊತ್ತಿದ್ದವ್ರನ್ನೇ ಕರೀರಿ, ಮೊದ್ಲು ಮಷಿನ್ನಿಂದ ಮ್ಯಾಲಿನ ಕಚರಾ ಎತ್ತಿಸ್ರಿ. ಎರಡನೇದು, ಎಲ್ಲಾ ನೀರು ಒಂದೇ ದಿನ ಜಗ್ಗಿ ಖಾಲಿ ಮಾಡಬ್ಯಾಡ್ರಿ. ಹಳೇ ಕಲ್ಲಿನ ಕಟ್ಟಡ ಒಳಗಿನ ನೀರಿನ ಆಸರಿಲೇ ನಿಂತಿರ್ತದ, ಒಮ್ಮಿಗೇ ತೆಗೆದ್ರ ಹಿಂದಿನ ತೊಯ್ದ ಮಣ್ಣು ನೂಕಿ ಗ್ವಾಡಿ ಕುಸೀತದ. ದಿನಾ ಸ್ವಲ್ಪ ಸ್ವಲ್ಪ ಇಳಿಸ್ರಿ. ನೀರು ಬಂದ್ರೂ ಕುಡೀಲಾಕ ಬ್ಯಾಡ, ಸುತ್ತ ಅಷ್ಟು ಸಂಡಾಸಿನ ಗುಂಡಿ ಇದ್ದಲ್ಲಿ ಆಗಲ್ಲ. ಆದ್ರ ಒಂದು ದೊಡ್ಡ ಕೂಲರ್ ದಿನಕ್ಕ ನಾಕೈದು ಕೊಡ ನೀರು ಕುಡೀತದ, ಅದಕ್ಕ, ಭಾಂಡ್ಯಾ ಅಂಗಳ ತೊಳೀಲಾಕ, ಸಂಡಾಸಿಗಿ ಬಾವಿ ನೀರು ಬಳಸಿದ್ರ ನಳದ ನೀರು ಕುಡೀಲಾಕ ಉಳೀತದ.

ನಮ್ಮ ಓಣಿ ಬಾವಿ ಮೂರು ವರ್ಷದ ಹಿಂದ ತೆಗಿಸಿದ್ವಿ. ಸೈಕಲಿನ ಎರಡು ಗಾಲಿ, ಎಣಿಸಲಾರದಷ್ಟು ತೆಂಗಿನಕಾಯಿ, ಒಂದು ಹಳೇ ರೇಡಿಯೋ, ಕಡೀಕ ತಳದ ರಾಡ್ಯಾಗಿಂದ ಒಂದು ತಾಮ್ರದ ಕೊಡ ಬಂತು, ನೆಗ್ಗಿ ಚಪ್ಪಟ್ಟಾಗಿತ್ತು, ಕಂಠದ ಮ್ಯಾಲ ಚುಕ್ಕಿ ಚುಕ್ಕಿಲೇ ಹೆಸರು ಕೊರದಿದ್ರು. ಹುಣಸಿಹಣ್ಣು ಹಚ್ಚಿ ತಿಕ್ಕಿದ ಮ್ಯಾಲ ಓದ್ಲಾಕ ಬಂತು. ಆ ಹೆಸರಿನವ್ರು ಓಣ್ಯಾಗ ಯಾರೂ ಇಲ್ಲ ಅಂತ ಎಲ್ಲಾರೂ ಅನ್ನೋದ್ರಾಗ ಕಡೀ ಮನಿ ಮುದುಕಿ ಕೋಲು ಊರ್ಕೋತ ಬಂದು, ಇದು ನಮ್ಮ ಅತ್ತಿದು, ನಾನೇ ಮದ್ವಿಯಾಗಿ ಬಂದ ವರ್ಷ ಕೈ ಜಾರಿ ಬಿಟ್ಟಿದ್ದೆ, ಎಂಟು ದಿನ ನನ್ನ ಜೋಡಿ ಮಾತಾಡಿರಲಿಲ್ಲ ಅಂದ್ಲು. ಕೊಡ ಒಯ್ದು ಜಗಲಿ ಮ್ಯಾಲ ಇಟ್ಟಾಳ. ತೂತು ಬಿದ್ದದ, ನೀರು ನಿಲ್ಲಲ್ಲ, ಜ್ವಾಳ ತುಂಬ್ಯಾಳ.